ಬೆಂಗಳೂರು ಕೋಟೆ ಪ್ರದೇಶದ ನಿವೇಶನ: ಅಗೆಯುವ ಮೊದಲು ನೆಲದಡಿ ಏನಿದೆಯೆಂದು ಅಂದಾಜಿಸುವುದು ಹೇಗೆ?

ಪ್ರಶ್ನೆ:
ಕೃಷ್ಣರಾಜ ಮಾರುಕಟ್ಟೆಯ ದಕ್ಷಿಣಕ್ಕೆ, ಹಿಂದೆ ಕೋಟೆಯ ಆವರಣಕ್ಕೆ ಸೇರಿದ್ದ ನಿವೇಶನವೊಂದರಲ್ಲಿ ಶಿಥಿಲ ಕಟ್ಟಡವನ್ನು ಕೆಡವಿ, ಎರಡು ನೆಲಮಾಳಿಗೆಗಳುಳ್ಳ ವಾಣಿಜ್ಯ ಸಂಕೀರ್ಣ ಕಟ್ಟಲು ನಮ್ಮ ಕಚೇರಿ ನಕ್ಷೆ ಸಿದ್ಧಪಡಿಸುತ್ತಿದೆ. 2012ರಲ್ಲಿ ಇದೇ ಪರಿಸರದಲ್ಲಿ ಮೆಟ್ರೊ ಕಾಮಗಾರಿಯ ವೇಳೆ ಎರಡು ಫಿರಂಗಿಗಳು ಸಿಕ್ಕಿದ್ದು ಮಾಲೀಕರ ನೆನಪಿನಲ್ಲಿದೆ. ಕೆಲಸ ಅರ್ಧಕ್ಕೆ ನಿಲ್ಲಬಾರದೆಂಬುದು ಅವರ ಕಾಳಜಿ. ವಿಚಾರಣೆಯನ್ನು ಎಲ್ಲಿಂದ ಆರಂಭಿಸುವುದು ಸರಿ?

ಮೊದಲ ಉತ್ತರ (ಪುರಾತತ್ತ್ವ ಅಧ್ಯಯನದ ಹಿನ್ನೆಲೆಯವರು):
ಅಲ್ಲಿ ಹಿಂದೆ ಏನಿತ್ತು ಎಂಬುದು ಬಹುಮಟ್ಟಿಗೆ ಗೊತ್ತಿರುವ ಸಂಗತಿ. ಅದರಲ್ಲಿ ಎಷ್ಟು ಉಳಿದಿದೆ ಎಂಬುದನ್ನೇ ನೀವು ಹುಡುಕಬೇಕು. ಹೈದರ್ ಅಲಿ 1761ರ ವೇಳೆಗೆ ಕಲ್ಲಿನಲ್ಲಿ ಕಟ್ಟಿಸತೊಡಗಿದ ಆ ಅಂಡಾಕಾರದ ಕೋಟೆಯನ್ನು ಕಾರ್ನ್‌ವಾಲಿಸನ ಸೈನ್ಯ 1791ರ ಮಾರ್ಚ್‌ನಲ್ಲಿ ಹಿಡಿಯಿತು. ಆಗ ಬ್ರಿಟಿಷರು ಬರೆಸಿದ ಮುತ್ತಿಗೆಯ ನಕ್ಷೆಗಳಲ್ಲಿ ಬುರುಜುಗಳೂ ಕಂದಕವೂ ಕಾಣುತ್ತವೆ. ಇಂದಿಗೂ ಕದಲದೆ ನಿಂತಿರುವ ದೆಹಲಿ ಬಾಗಿಲು, ಕೋಟೆ ವೆಂಕಟರಮಣ ದೇವಸ್ಥಾನ ಮತ್ತು ಟಿಪ್ಪುವಿನ ಬೇಸಿಗೆ ಅರಮನೆಗಳನ್ನು ಆಧಾರಬಿಂದುಗಳಾಗಿಟ್ಟುಕೊಂಡು ಆ ನಕ್ಷೆಯನ್ನು ಈಗಿನ ಸರ್ವೆ ನಕ್ಷೆಯ ಮೇಲೆ ಕೂರಿಸಿ ನೋಡಿ. ಕೈಬರಹದ ನಕ್ಷೆಯಾದ್ದರಿಂದ ಹಲವು ಮೀಟರುಗಳ ವ್ಯತ್ಯಾಸ ಬಂದೀತು. ಆದರೂ ನಿವೇಶನ ಕೋಟೆಯ ಒಳಗೆ ಬೀಳುತ್ತದೆಯೋ, ಗೋಡೆಯ ಸಾಲಿನಲ್ಲೋ, ಕಂದಕದಲ್ಲೋ ಎಂಬುದು ತಿಳಿಯುತ್ತದೆ. ಈ ಮೂರರಲ್ಲಿ ಕಂದಕವೇ ಹೆಚ್ಚು ಫಲವತ್ತಾದ ಜಾಗ. ಎತ್ತರದ ನೆಲವನ್ನು ಪ್ರತಿಯೊಂದು ಹೊಸ ಕಟ್ಟಡವೂ ಕೆರೆದು ಸಮಮಾಡುತ್ತದೆ. ತಗ್ಗನ್ನಾದರೋ ಜನ ತುಂಬುತ್ತಾರೆ, ತುಂಬಿದ್ದು ಹಾಗೆಯೇ ಉಳಿಯುತ್ತದೆ. ಹಾಳುಬಾವಿಗಳ ಮಾತೂ ಇದೇ: ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಟಿಪ್ಪು ಕಾಲದ ಸಾವಿರದಷ್ಟು ರಾಕೆಟ್‌ಗಳು ದೊರೆತದ್ದು ಪಾಳುಬಿದ್ದ ಬಾವಿಯೊಂದರಲ್ಲಿ. ನಿಮ್ಮ ಹಳೆಯ ಕಟ್ಟಡಕ್ಕೆ ನೆಲಮಾಳಿಗೆ ಇತ್ತೇ, ಅಡಿಪಾಯ ಎಷ್ಟು ಆಳ, ನೀರಿನ ಸಂಪು ಎಲ್ಲಿತ್ತು ಎಂಬುದನ್ನು ಬೇರೆಯದೇ ಹಾಳೆಯಲ್ಲಿ ಗುರುತಿಸಿಕೊಳ್ಳಿ. ಆ ಭಾಗಗಳಲ್ಲಿ ನಿರೀಕ್ಷೆ ಇಟ್ಟುಕೊಳ್ಳಬೇಕಾಗಿಲ್ಲ.

ಎರಡನೆಯ ಉತ್ತರ (ಮಣ್ಣು ಪರೀಕ್ಷೆ ನಡೆಸುವ ಎಂಜಿನಿಯರ್):
ಅಡಿಪಾಯಕ್ಕಾಗಿ ಹೇಗೂ ಬೋರ್ (ಮಣ್ಣಿನ ಮಾದರಿ ತೆಗೆಯುವ ರಂಧ್ರ) ಹಾಕಿಸುತ್ತೀರಿ. ಅದರ ವರದಿಯನ್ನೇ ಈ ಕೆಲಸಕ್ಕೂ ಬಳಸಿಕೊಳ್ಳಬಹುದು. ಬೆಂಗಳೂರಿನ ಸಹಜ ನೆಲದಲ್ಲಿ ಕೆಂಪು ಮಣ್ಣು, ಅದರಡಿ ಗರಸು, ಆಮೇಲೆ ಕೊಳೆತ ಬಂಡೆ ಬರುತ್ತವೆ. ಒಂದು ರಂಧ್ರದಲ್ಲಿ ಒಂದು ಮೀಟರಿಗೇ ಗರಸು ಸಿಕ್ಕಿ, ಪಕ್ಕದ್ದರಲ್ಲಿ ನಾಲ್ಕು ಮೀಟರಿನವರೆಗೂ ಇಟ್ಟಿಗೆ ಚೂರು, ಗಾರೆ, ಬೂದಿ ಬೆರೆತ ಕಪ್ಪು ಮಣ್ಣು ಬಂದರೆ, ಅಲ್ಲಿ ತುಂಬಿದ ಹಳ್ಳವೊಂದಿದೆ ಎಂದೇ ಅರ್ಥ. ನಮ್ಮವರು ಅದನ್ನು ‘ತುಂಬು ಮಣ್ಣು’ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಒಳಗೆ ಏನೇನಿದೆ ಎಂದು ವಿವರವಾಗಿ ಬರೆಯಬೇಕೆಂದು ಕರಾರಿನಲ್ಲೇ ಸೇರಿಸಿ, ಮಾದರಿಗಳನ್ನು ಎಸೆಯದಂತೆ ತಿಳಿಸಿ. ಬೋರಿನಲ್ಲಿ ಏನೂ ಕಾಣದಿದ್ದರೆ ನೆಲದಡಿ ಏನೂ ಇಲ್ಲವೆಂದಲ್ಲ, ಅಂಗೈಯಗಲವೂ ಇಲ್ಲದ ರಂಧ್ರ ಅದು.

ಮೂರನೆಯ ಉತ್ತರ:
ಇವೆಲ್ಲಕ್ಕೂ ಮೊದಲು ದೂರವನ್ನು ಅಳೆಯಿಸಿ. ಕೋಟೆಯ ಉಳಿದ ಭಾಗವೂ ಬೇಸಿಗೆ ಅರಮನೆಯೂ ಕೇಂದ್ರದ ಸಂರಕ್ಷಿತ ಸ್ಮಾರಕಗಳು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ನಿಷಿದ್ಧ ವಲಯದಲ್ಲಿದ್ದರೆ ನೆಲಮಾಳಿಗೆಯ ಮಾತೇ ಏಳುವುದಿಲ್ಲ.

ಪ್ರಶ್ನೆ ಕೇಳಿದವರು:
ಉಪಕಾರವಾಯಿತು. ದೂರದ ಅಳತೆ ಮುಗಿದ ಮೇಲೆ ನಕ್ಷೆ ಕೂರಿಸುತ್ತೇವೆ. ಕಂದಕದ ಅಂಚು ನಿವೇಶನದೊಳಗೆ ಬಂದರೆ, ಬೋರ್‌ಗಳನ್ನು ಸಮದೂರದಲ್ಲಿ ಹಾಕುವ ಬದಲು ಆ ಅಂಚಿಗೆ ಅಡ್ಡಲಾಗಿ ಒಂದೇ ಸಾಲಿನಲ್ಲಿ ಹಾಕಿಸಬಹುದೇ?

ಎರಡನೆಯ ಉತ್ತರದವರು:
ಹಾಕಿಸಬಹುದು. ಆದರೆ ಕಂಬಗಳು ಬರುವ ಜಾಗದ ಬೋರ್‌ಗಳನ್ನು ಕೈಬಿಡಬೇಡಿ. ಈ ಸಾಲು ಹೆಚ್ಚುವರಿಯಾಗಿರಲಿ.