ರೈಡಿಂಗ್ ಮೋವರ್ ಚಳಿಗಾಲಕ್ಕೆ ಎತ್ತಿಡೋದು: ಟ್ಯಾಂಕ್ ಖಾಲಿಯೋ, ಭರ್ತಿಯೋ?

ಅರ್ಧಎಕರೆ:
ಇರೋದು ಅಮೆರಿಕದ ಮಿನ್ನೆಸೋಟಾದಲ್ಲಿ. ಕೂತು ಓಡಿಸೋ ಹುಲ್ಲು ಕತ್ತರಿಸೋ ಗಾಡಿ: 42 ಇಂಚಿನ ಡೆಕ್ (ಬ್ಲೇಡುಗಳ ಮೇಲಿನ ತಗಡಿನ ಕವಚ), ಸಿಂಗಲ್ ಸಿಲಿಂಡರ್ ಎಂಜಿನ್, ಹೈಡ್ರೋಸ್ಟ್ಯಾಟಿಕ್ (ಗೇರ್ ಬದಲು ಆಯಿಲ್ ಒತ್ತಡದಲ್ಲಿ ಚಕ್ರ ತಿರುಗಿಸೋದು), ಪ್ಲಾಸ್ಟಿಕ್ ಟ್ಯಾಂಕ್. ಇಡೋದು ಹೀಟಿಂಗ್ ಇಲ್ಲದ ಶೆಡ್ಡಿನಲ್ಲಿ, ಜನವರಿಯಲ್ಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತೆ. ಹೋದ ವರ್ಷ ಹಾಗೇ ನಿಲ್ಲಿಸಿದ್ದಕ್ಕೆ ಏಪ್ರಿಲ್‌ನಲ್ಲಿ ಚೋಕ್ ಎಳೆದಿದ್ದರೆ ಮಾತ್ರ ಓಡ್ತಿತ್ತು, ಬಿಟ್ಟ ಕೂಡಲೇ ನಿಲ್ತಿತ್ತು. ಕಾರ್ಬುರೇಟರ್ ಬಿಚ್ಚಿ ತೊಳೀಬೇಕಾಯ್ತು. ಈಗ ಅರ್ಧ ಟ್ಯಾಂಕ್ ಇ10 ಪೆಟ್ರೋಲ್ (ಶೇ. 10ರವರೆಗೆ ಎಥನಾಲ್ ಬೆರೆಸಿದ್ದು) ಇದೆ. ಖಾಲಿ ಮಾಡಲಾ, ತುಂಬಿಸಿ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಹಳಸದಂತೆ ತಡೆಯೋ ದ್ರವ) ಹಾಕಲಾ? ಬ್ಯಾಟರಿ ಬಿಚ್ಚಲೇಬೇಕಾ, ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿದ್ರೆ ಸಾಲದಾ?

ಬೋಲ್ಟುನಟ್ಟು:
ಚೋಕ್ ಇದ್ದರೆ ಮಾತ್ರ ಓಡುತ್ತೆ ಅಂದರೆ ಮೇನ್ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯೋ ಸಣ್ಣ ತೂತು) ಕಟ್ಟಿತ್ತು ಅಂತಲೇ ಲೆಕ್ಕ. ಕಾರ್ಬುರೇಟರ್ ಬೌಲ್‌ನಲ್ಲಿ, ಅಂದರೆ ಅದರ ಕೆಳಗಿನ ಪುಟ್ಟ ಬಟ್ಟಲಲ್ಲಿ, ನಿಲ್ಲೋ ಪೆಟ್ರೋಲ್ ತೀರಾ ಸ್ವಲ್ಪ. ಐದು ತಿಂಗಳಲ್ಲಿ ಅದು ಆರಿ ತಳದಲ್ಲಿ ಜೇನುಬಣ್ಣದ ಅಂಟು ಉಳಿಯುತ್ತೆ. ಜೆಟ್ಟಿನ ತೂತು ಮುಚ್ಚೋಕೆ ಅಷ್ಟು ಸಾಕು. ಹಾಗಾಗಿ ಟ್ಯಾಂಕ್ ಖಾಲಿಯೋ ಭರ್ತಿಯೋ ಅನ್ನೋ ಜಗಳಕ್ಕಿಂತ ಬೌಲ್ ಖಾಲಿ ಆಯ್ತಾ ಅನ್ನೋದು ಮುಖ್ಯ. ಎರಡನ್ನೂ ಮಾಡಿ: ಟ್ಯಾಂಕಿಗೆ ಸ್ಟೆಬಿಲೈಸರ್, ಬೌಲ್ ಒಣ.

ಸ್ಟೆಬಿಲೈಸರ್ ಕೆಂಪು ಸ್ಟಾ-ಬಿಲ್ ಬ್ರ್ಯಾಂಡಿನದಾದರೆ ಎರಡೂವರೆ ಗ್ಯಾಲನ್‌ಗೆ 1 ಔನ್ಸ್, ಅಂದರೆ ಸುಮಾರು 9.5 ಲೀಟರಿಗೆ 30 ಮಿ.ಲೀ. ಮೊದಲು ಔಷಧ ಸುರಿದು ಮೇಲಿಂದ ಹೊಸ ಪೆಟ್ರೋಲ್ ಹಾಕಿ, ತಾನಾಗೇ ಬೆರೆಯುತ್ತೆ. ಕುತ್ತಿಗೆವರೆಗೆ ತುಂಬಬೇಡಿ. ಆಮೇಲೆ 10 ನಿಮಿಷ ಎಂಜಿನ್ ಓಡಲಿ, ಪೈಪಿನಲ್ಲಿರೋ ಹಳೇದು ಖರ್ಚಾಗಿ ಹೊಸದು ಒಳಗೆ ಬರಬೇಕು. ಈಗ ಟ್ಯಾಂಕ್ ಕೆಳಗಿನ ವಾಲ್ವ್ ಮುಚ್ಚಿ, ನಿಲ್ಲೋವರೆಗೆ ಬಿಡಿ. ಉಸಿರು ಕಟ್ಟಿದಂಗೆ ಆಡೋಕೆ ಶುರುಮಾಡಿದಾಗ ಚೋಕ್ ಎಳೆದ್ರೆ ಇನ್ನಷ್ಟು ಹೀರುತ್ತೆ. ಬೌಲ್‌ಗೆ ಡ್ರೈನ್ ಸ್ಕ್ರೂ ಇದ್ದರೆ ಅದನ್ನೂ ಸಡಿಲಿಸಿ, ಕೊನೇ ಹನಿಗಳು ಅಲ್ಲೇ ಇರ್ತವೆ. ವಾಲ್ವೇ ಇಲ್ಲದ ಗಾಡಿಯಾದರೆ ಪೈಪಿನ ಅಳತೆಗೆ ಸರಿಯಾದ ಒಂದು ವಾಲ್ವ್ ತಂದು ಮಧ್ಯೆ ಕೂರಿಸಿ, ಸಾಮಾನ್ಯವಾಗಿ ಕಾಲು ಇಂಚಿನದು.

ಒಂದು ಎಚ್ಚರ: ಸ್ಟೆಬಿಲೈಸರ್ ಹಳಸಿದ ಪೆಟ್ರೋಲನ್ನು ಸರಿಮಾಡಲ್ಲ. ಇ10ನಲ್ಲಿರೋ ಎಥನಾಲ್ ನೀರು ಹೀರುತ್ತೆ, ಮಿತಿ ಮೀರಿದ್ರೆ ನೀರೂ ಎಥನಾಲೂ ಸೇರಿ ತಳಕ್ಕಿಳಿಯುತ್ತೆ. ಎಂಜಿನ್‌ಗೆ ಹೋಗೋ ಪೈಪೂ ಅಲ್ಲೇ ಇರೋದು. ಬೇಸಿಗೆಯ ಪೆಟ್ರೋಲಾದರೆ ಎಲೆ ಪುಡಿಮಾಡೋಕೆ ಓಡಿಸಿ ಮುಗಿಸಿ. ಕೊನೇ ಸಲ ತುಂಬೋಕೆ ಎಥನಾಲ್ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೇದು.

ಸ್ಪಿಂಡಲ್:
ಇದೆಲ್ಲ ಕೊನೇ ಕೆಲಸ, ಮೊದಲಿನದಲ್ಲ. ಬೌಲ್ ಒಣಗಿಸಿದ ಮೇಲೆ ಡೆಕ್ ತೊಳೆಯೋಕೆ ಹೋದರೆ ಮತ್ತೆ ಸ್ಟಾರ್ಟ್ ಮಾಡಬೇಕಾಗುತ್ತೆ.

ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿ. ಓಡಿದ ಆಯಿಲ್‌ನಲ್ಲಿ ಆಮ್ಲ, ತೇವ ಸೇರಿರುತ್ತೆ, ಅದನ್ನು ಚಳಿಗಾಲವೆಲ್ಲ ಒಳಗೆ ಬಿಡೋದು ಬೇಡ. ಸಿಂಗಲ್ ಸಿಲಿಂಡರಿಗೆ ಸಾಧಾರಣ 48 ಔನ್ಸ್, ಆದರೆ ನಂಬಬೇಕಾದ್ದು ಡಿಪ್‌ಸ್ಟಿಕ್ಕನ್ನು. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು.

ಡೆಕ್ ಕೆಳಗೆ ಕೈ ಹಾಕೋ ಮೊದಲು ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಿ, ಎಂಜಿನ್ ಅಕಸ್ಮಾತ್ ಸ್ಟಾರ್ಟ್ ಆಗಬಾರದು. ಹಸಿ ಹುಲ್ಲು ಮೆತ್ತಿ ಗಟ್ಟಿಯಾದ ಪದರ ದೋಸೆ ಸೀದಂಗೆ ಅಂಟಿರುತ್ತೆ. ಅದರ ಹಿಂದೆ ತೇವ ನಿಂತು ತಗಡು ತೂತಾಗುತ್ತೆ. ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಕೆರೆಯಿರಿ, ಕಬ್ಬಿಣದ್ದು ಪೇಂಟನ್ನೂ ಕಿತ್ತುಕೊಂಡು ಬರುತ್ತೆ. ಪೈಪ್ ಹಿಡಿದು ತೊಳೆದರೆ ವೈರ್ ಹಾಕಿ ಎರಡು ಮೂರು ನಿಮಿಷ ಬ್ಲೇಡ್ ಓಡಿಸಿ ಒಣಗಿಸಲೇಬೇಕು, ಇಲ್ಲದಿದ್ದರೆ ಸ್ಪಿಂಡಲ್ (ಬ್ಲೇಡ್ ತಿರುಗೋ ದಂಡ) ಬೇರಿಂಗಿಗೆ ನೀರು ಇಳಿಯುತ್ತೆ.

ಬ್ಲೇಡ್ ಬಿಚ್ಚುವಾಗ ಮರದ ತುಂಡೊಂದನ್ನು ಅಡ್ಡ ಕೊಡಿ, ತಿರುಗಲ್ಲ. ಸಾಣೆ ಹಿಡಿದ ಮೇಲೆ ನಡುವಿನ ತೂತಿಗೆ ಗೋಡೆಮೊಳೆ ತೂರಿಸಿ ನೇತುಹಾಕಿ. ಯಾವ ಕಡೆ ಇಳಿಯುತ್ತೋ ಆ ಕಡೆ ಇನ್ನಷ್ಟು ಉಜ್ಜಿ. ತೂಕ ತಪ್ಪಿದ ಬ್ಲೇಡ್ ಬೇರಿಂಗನ್ನು ತಿಂದುಹಾಕುತ್ತೆ.

ಹನ್ನೆರಡುವೋಲ್ಟು:
ಮೈನಸ್ 25 ಅಂದ್ರೆ ಬ್ಯಾಟರಿ ಒಳಗೆ ತನ್ನಿ. ಪೂರ್ತಿ ಡಿಸ್ಚಾರ್ಜ್ ಆದದ್ದು ಮೈನಸ್ 7ರ ಹತ್ತಿರವೇ ಹೆಪ್ಪುಗಟ್ಟಿ ಡಬ್ಬ ಬಿರುಕು ಬಿಡಬಹುದು. ಪೂರ್ತಿ ಚಾರ್ಜಾದದ್ದು ಮೈನಸ್ 50 ಆದರೂ ಹೆಪ್ಪುಗಟ್ಟಲ್ಲ, ಆದರೆ ಶೆಡ್ಡಿನಲ್ಲಿ ಐದು ತಿಂಗಳು ಆ ಮಟ್ಟದಲ್ಲೇ ಇರುತ್ತಾ? ಕಪ್ಪು ವೈರ್ ಮೊದಲು ಬಿಚ್ಚಿ, ಕೆಂಪು ಆಮೇಲೆ. ತಿರುವುಮುರುವಾಗಿ ಮಾಡಿ ಸ್ಪ್ಯಾನರ್ ಚಾಸಿಸ್ಸಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತೆ. ಒಳಗೆ ತಂದ ಬ್ಯಾಟರಿಗೆ ತಾನೇ ಆನ್ ಆಫ್ ಆಗೋ ಮೇಂಟೇನರ್ (ನಿಧಾನ ಚಾರ್ಜರ್) ಹಾಕಿಡಿ, 1 ಆಂಪ್ ಸಾಕು. ಅದಿಲ್ಲದಿದ್ದರೆ ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ, 12.4 ವೋಲ್ಟ್‌ಗಿಂತ ಕೆಳಗಿದ್ದರೆ ಚಾರ್ಜ್ ಹಾಕಿ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತೆ ಅನ್ನೋದು ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಅನ್ವಯಿಸಲ್ಲ.

ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡೋದು ಬೇಡವೇ ಬೇಡ. ಐದು ನಿಮಿಷಕ್ಕೆ ಎಂಜಿನ್ ಸರಿಯಾಗಿ ಕಾಯಲ್ಲ, ಉರಿದಾಗ ಹುಟ್ಟಿದ ನೀರು ಆಯಿಲ್‌ಗೂ ಸೈಲೆನ್ಸರಿಗೂ ಇಳಿದು ಅಲ್ಲೇ ನಿಲ್ಲುತ್ತೆ. ಒಣಗಿಸಿದ ಬೌಲ್ ಮತ್ತೆ ತುಂಬುತ್ತೆ ಅನ್ನೋದು ಬೇರೆ.

ಶೆಡ್‌ಮನೆ:
ಇಲಿ ವಿಷಯ ಯಾರೂ ಎತ್ತಲಿಲ್ಲ. ಎಂಜಿನ್ ಮೇಲಿನ ಫ್ಯಾನ್ ಕವರ್ ಒಳಗೆ ಗೂಡು ಕಟ್ಟಿದರೆ ಗಾಳಿ ಬರಲ್ಲ, ಎಂಜಿನ್ ಕಾದುಹೋಗುತ್ತೆ. ವೈರನ್ನೂ ಕಡೀತವೆ. ಸೈಲೆನ್ಸರ್ ಬಾಯಿಗೆ ಸ್ಟೀಲ್ ಉಲ್ ತುರುಕಿ, ಅದಕ್ಕೊಂದು ಕೆಂಪು ದಾರ ಕಟ್ಟಿ ಇನ್ನೊಂದು ತುದಿಯನ್ನು ಕೀಗೆ ಕಟ್ಟಿ, ಏಪ್ರಿಲ್‌ನಲ್ಲಿ ಮರೆಯಲ್ಲ. ಪ್ಲಾಸ್ಟಿಕ್ ಟಾರ್ಪಾಲ್ ಬಿಗಿಯಾಗಿ ಸುತ್ತಬೇಡಿ, ಒಳಗೆ ಬೆವರುತ್ತೆ. ಶೆಡ್ ಬಿಟ್ಟು ಮನೆಗಂಟಿದ ಗರಾಜಿನಲ್ಲಿ ಇಡೋರು, ಅಲ್ಲಿ ಗ್ಯಾಸ್ ವಾಟರ್ ಹೀಟರ್ ಇದ್ದರೆ ಪೆಟ್ರೋಲ್ ಇರೋ ಗಾಡಿ ಇಡಬೇಡಿ.

ಅರ್ಧಎಕರೆ:
ಬೌಲ್ ಖಾಲಿ ಮಾಡಿದ ಮೇಲೆ ಶೆಡ್ಡೊಳಗೆ ಹೋಗೋದು ಹೇಗೆ? ಪ್ಲಗ್ ತೂತಿಗೆ ಆಯಿಲ್ ಬಿಡಬೇಕಾ?

ಬೋಲ್ಟುನಟ್ಟು:
ಹಿಂದಿನ ಚಕ್ರದ ಹತ್ತಿರ ಹೈಡ್ರೋಸ್ಟ್ಯಾಟಿಕ್‌ನ ಹಿಡಿತ ಬಿಡಿಸೋ ಬೈಪಾಸ್ ಲಿವರ್ ಇರುತ್ತೆ, ಎಳೆದು ಕೈಯಲ್ಲಿ ತಳ್ಳಿ. ಎಳೆಯದೆ ತಳ್ಳಿದರೆ ಕಲ್ಲು ತಳ್ಳಿದಂಗೆ. ಎಂಜಿನ್ ಮಾತ್ರ ಹೊರಗೇ ಓಡಿಸಿ, ಶೆಡ್ಡೊಳಗೆ ಹೊಗೆ ಪ್ರಾಣಕ್ಕೆ ಕುತ್ತು.

ಪ್ಲಗ್ ಬಿಚ್ಚಿದ ತೂತಿಗೆ ಆಯಿಲ್ ಬೇಕು, ಒಂದು ಟೇಬಲ್ ಚಮಚ. ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ, ಪ್ಲಗ್ ವೈರನ್ನು ದೂರ ಸರಿಸಿ, ಎರಡು ಮೂರು ಸಲ ಕ್ರ್ಯಾಂಕ್ ಮಾಡಿ, ಅಂದರೆ ಕೀ ತಿರುಗಿಸಿ ಸ್ಟಾರ್ಟರ್‌ನಿಂದ ಎಂಜಿನ್ ಸುತ್ತಿಸಿ. ಬಟ್ಟೆ ಇಲ್ಲದಿದ್ದರೆ ಆಯಿಲ್ ಮುಖಕ್ಕೇ ಹಾರುತ್ತೆ. ಇದಕ್ಕೆ ಬ್ಯಾಟರಿ ಬೇಕಲ್ಲ, ಅದನ್ನು ಇದಾದ ಮೇಲೆ ಬಿಚ್ಚಿ.