ಸ್ನೋಮೊಬೈಲ್ ಎಕ್ಸಾಸ್ಟ್ ಗ್ಯಾಸ್ಕೆಟ್: ಕಂಪನಿಯದೋ, ಹೊರಗಿನ ಸೆಟ್ಟೋ, ತಾಮ್ರದ್ದೋ?

ಡುಲುತ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನನ್ನ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡಿಸೋ ಗಾಡಿ, ಮಿನ್ನೆಸೋಟದಲ್ಲಿದೆ. 600 ಸಿಸಿ ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಲಿಕ್ವಿಡ್ ಕೂಲ್ಡ್, 2012ರ ಮಾಡೆಲ್. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಕಡಿಮೆ ಆಗುತ್ತೆ. ಕ್ಲಚ್ ಕಡೆಯ ಸಿಲಿಂಡರಿನ ಎಕ್ಸಾಸ್ಟ್ ಫ್ಲ್ಯಾಂಜ್ (ಹೊಗೆ ಪೈಪನ್ನು ಬೋಲ್ಟ್ ಹಾಕಿ ಕೂಡಿಸೋ ಚಪ್ಪಟೆ ಅಂಚು) ಕೆಳಗೆ ಎಣ್ಣೆಮಸಿ ಹಿಡಿದಿದೆ. ಅಲ್ಲಿ ಸಂದು ಸೋರದಂತೆ ಇಡೋ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಹಾಕಿ ಒಂದೇ ಸೀಸನ್ ಆಗಿರೋದು, ಆಗಲೇ ಒಳ ಅಂಚು ಒಂದು ಕಡೆ ಸುಟ್ಟು ಹೋಗಿದೆ. ಕಂಪನಿ ಪಾರ್ಟ್, ಹೊರಗಿನ ಸೆಟ್, ತಾಮ್ರದ ಗ್ಯಾಸ್ಕೆಟ್ ಮೂರೂ ಸಿಗುತ್ತವೆ. ಯಾವುದು ತರಲಿ? ಜೊತೆಗೆ ಹೈ-ಟೆಂಪ್ ಸಿಲಿಕೋನ್ ಬಳಿಯಬಹುದಾ?

ಪಿಸ್ಟನ್_ಪೋರ್ಟ್:
ಆರ್ಡರ್ ಮಾಡೋ ಮೊದಲು ಸಂದು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಸಿಲಿಂಡರಿನ ಬಾಯಿಗೂ (ಹೊಗೆ ಹೊರಬೀಳೋ ಪೋರ್ಟ್) ವೈ-ಪೈಪಿಗೂ (ಎರಡೂ ಸಿಲಿಂಡರಿನ ಹೊಗೆಯನ್ನು ಒಂದಾಗಿಸೋ ಕವಲು ಪೈಪ್) ನಡುವೆ ಚಪ್ಪಟೆ ಗ್ಯಾಸ್ಕೆಟ್ ಇರುತ್ತೆ. ಟ್ವಿನ್ ಎಂಜಿನ್‌ಗೆ ಸಾಮಾನ್ಯವಾಗಿ ಎರಡು, ಕೆಲವದರಲ್ಲಿ ಎರಡು ಬಾಯಿಗೂ ಸೇರಿ ಒಂದೇ ಹಾಳೆ. ವೈ-ಪೈಪ್ ಹೋಗಿ ಟ್ಯೂನ್ಡ್ ಪೈಪಿಗೆ (ಸೈಲೆನ್ಸರಿಗೆ ಮುಂಚಿನ ಉಬ್ಬಿದ ಪೈಪ್) ಕೂಡುವ ಕಡೆ ಬೋಲ್ಟ್ ಇರೋದಿಲ್ಲ, ಸ್ಪ್ರಿಂಗ್‌ಗಳು ಎಳೆದು ಹಿಡಿದಿರುತ್ತವೆ. ಅಲ್ಲಿ ಎಷ್ಟೋ ಮಾಡೆಲ್‌ಗಳಲ್ಲಿ ಉದ್ದಿನವಡೆ ಆಕಾರದ ಗ್ರಾಫೈಟ್ ಉಂಗುರ ಇರುತ್ತೆ. ಪವರ್ ವಾಲ್ವಿನ (ಎಕ್ಸಾಸ್ಟ್ ಪೋರ್ಟಿನ ಎತ್ತರ ಬದಲಿಸೋ ವಾಲ್ವ್) ಗ್ಯಾಸ್ಕೆಟ್ ಇವೆರಡಕ್ಕಿಂತ ಬೇರೆ, ಅದೂ ಮಸಿ ಉಗುಳುತ್ತೆ. ಮಸಿ ಪೂರ್ತಿ ಒರೆಸಿ, ಹತ್ತು ನಿಮಿಷ ಓಡಿಸಿ ನೋಡಿ. ಹೊಸ ಮಸಿ ಎಲ್ಲಿ ಶುರುವಾಗುತ್ತೋ ಅದೇ ಜಾಗ.

ಇನ್ನು ಆಯ್ಕೆ. ವರ್ಷ, ಸಿಸಿ ಅಷ್ಟೇ ನೋಡಿ ತರಬೇಡಿ. ಒಂದೇ ವರ್ಷ ಒಂದೇ ಕಂಪನಿ ಎರಡು ಬೇರೆ 600 ಎಂಜಿನ್ ಮಾರಿದ ಉದಾಹರಣೆಗಳಿವೆ. ಚಾಸಿ ನಂಬರ್ ಹಾಕಿ ಕಂಪನಿಯ ಪಾರ್ಟ್ಸ್ ಪಟ್ಟಿಯ ಚಿತ್ರ ತೆರೆದು ನೋಡಿ, ಎಷ್ಟು ಬೇಕು ಅಂತ ಅದರಲ್ಲೇ ಇರುತ್ತೆ. ಹೊಸದು ಕೈಗೆ ಬಂದ ಮೇಲೆ ಪೋರ್ಟಿನ ಮೇಲಿಟ್ಟು ನೋಡಿ. ಗ್ಯಾಸ್ಕೆಟ್ಟಿನ ರಂಧ್ರ ಪೋರ್ಟಿನಷ್ಟೇ ಇರಬೇಕು ಅಥವಾ ಒಂದು ಕೂದಲೆಳೆ ದೊಡ್ಡದಿರಬೇಕು. ಅಂಚು ಒಳಗೆ ಚಾಚಿಕೊಂಡಿದ್ದರೆ ಬೆಂಕಿ ನೇರ ಅದಕ್ಕೇ ಬಡಿದು ಅಲ್ಲಿಂದಲೇ ಸುಡೋಕೆ ಶುರು. ನಿಮ್ಮದು ಒಂದೇ ಪಕ್ಕ ಸುಟ್ಟಿದೆ ಅಂದರೆ ಎರಡರಲ್ಲೊಂದು: ಆ ಪಕ್ಕ ಅಂಚು ಒಳಗೆ ಚಾಚಿತ್ತು, ಇಲ್ಲಾ ಆ ಪಕ್ಕ ಒತ್ತಡ ಕಡಿಮೆ ಬಿದ್ದು ಗ್ಯಾಸ್ ದಾರಿ ಮಾಡಿಕೊಂಡಿದೆ.

ಉಕ್ಕಿನ ತಗಡಿಗೆ ಎರಡೂ ಕಡೆ ಗ್ರಾಫೈಟ್ ಹೊದಿಸಿದ ಬಗೆ ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಳ್ಳುತ್ತೆ, ಹಳೇ ಗಾಡಿಗೆ ನನ್ನ ಓಟು ಅದಕ್ಕೇ. ಪದರ ಪದರವಾದ ಉಬ್ಬುಗೆರೆಯ ಉಕ್ಕಿನದ್ದು ಹೆಚ್ಚು ಬಾಳುತ್ತೆ, ಆದರೆ ಎರಡೂ ಮುಖ ಕನ್ನಡಿಯಷ್ಟು ಸಮ ಇರಬೇಕು. ತಾಮ್ರಕ್ಕೂ ಅದೇ ಷರತ್ತು. ಹೊರಗಿನ ಸೆಟ್‌ಗಳಲ್ಲಿ ವಿಂಡರೋಸಾ ತರಹದವು ಸ್ನೋಮೊಬೈಲ್‌ಗೆಂದೇ ಬರುತ್ತವೆ, ಅಳತೆ ಕೂಡಿದರೆ ಹಾಕಬಹುದು. ಹೆಸರಿಲ್ಲದ ಅಗ್ಗದ ಕಾಗದದಂಥದ್ದು ಬೇಡ.

ಹಿಮಗಾಡಿ_ಒಂಟಾರಿಯೊ:
ತಾಮ್ರದ ವಿಚಾರಕ್ಕೆ ಒಂದು ಮಾತು. ಹೊಸ ತಾಮ್ರದ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಮಂದ ಕೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕಿನ ಹಾಗೆ ಗಡುಸಾಗುವುದಿಲ್ಲ, ಮೆತ್ತಗಾಗುತ್ತೆ. ಮೇಲಿನ ಕರಿ ಪೊರೆ ಉಜ್ಜಿ ತೆಗೆದು ಹಾಕಿ. ಮರುಬಳಕೆಗೂ ಇದೇ ವಿಧಾನ.

ಸಿಲಿಕೋನ್ ಸ್ವಲ್ಪ ಬಳಿದರೆ ತಪ್ಪೇನಿಲ್ಲ ಅನ್ನೋದು ನನ್ನ ಅಭಿಪ್ರಾಯ. ಸ್ಪ್ರಿಂಗ್ ಹಾಕುವ ಕೀಲಿಗೆ ತೆಳ್ಳಗೆ ಒಂದು ಸುತ್ತು ಕೊಟ್ಟರೆ ಎಣ್ಣೆ ಜಿನುಗೋದು ನಿಲ್ಲುತ್ತೆ.

ಟಾರ್ಕ್_ರೆಂಚ್:
ಸ್ಪ್ರಿಂಗ್ ಕೀಲಿನ ವಿಚಾರಕ್ಕೆ ಒಪ್ಪುತ್ತೇನೆ, ಅದೂ ಅಲ್ಲಿ ಉಂಗುರ ಇಲ್ಲದ ಮಾಡೆಲ್ ಆದರೆ. ಸಿಲಿಂಡರ್ ಫ್ಲ್ಯಾಂಜಿಗೆ ಖಂಡಿತ ಬೇಡ. ಕೆಂಪು ಅಥವಾ ತಾಮ್ರಬಣ್ಣದ ಸಿಲಿಕೋನ್ ತಡೆಯೋದು ಸುಮಾರು 340ರಿಂದ 370 ಡಿಗ್ರಿ ಸೆಲ್ಸಿಯಸ್. ಪೋರ್ಟಿನಿಂದ ಹೊರಬೀಳುವ ಗ್ಯಾಸ್ ಜೋರು ಓಟದಲ್ಲಿ 600 ಡಿಗ್ರಿ ದಾಟುತ್ತೆ. ಅದಕ್ಕಿಂತ ಮುಖ್ಯ, ಗ್ರಾಫೈಟ್ ಮೇಲೆ ಹಸಿ ಸಿಲಿಕೋನ್ ಜಾರುಬಂಡೆಯಾಗುತ್ತೆ, ಬಿಗಿ ಮಾಡುವಾಗ ಗ್ಯಾಸ್ಕೆಟ್ ಪಕ್ಕಕ್ಕೆ ಸರಿಯುತ್ತೆ. ಏನೂ ಬಳಿಯದೆ ಒಣದಾಗಿಯೇ ಹಾಕಿ.

ಗ್ಯಾಸ್ಕೆಟ್ ಒಂದೇ ಸೀಸನ್‌ಗೆ ಹೋಗಿದೆ ಅಂದರೆ ದೂರು ಗ್ಯಾಸ್ಕೆಟ್ಟಿನದ್ದಲ್ಲ ಅನ್ನಿಸುತ್ತೆ. ಇವನ್ನು ನೋಡಿ. ಎಂಜಿನ್ ಮೌಂಟಿನ ರಬ್ಬರ್ ಬಿರಿದಿದ್ದರೆ ಥ್ರಾಟಲ್ ಕೊಟ್ಟಾಗೆಲ್ಲ ಕ್ಲಚ್ ಎಂಜಿನ್ನನ್ನು ಎಳೆದು ತಿರುಗಿಸುತ್ತೆ. ಪೈಪ್ ಚಾಸಿಗೆ ಕಟ್ಟಿಕೊಂಡಿರುತ್ತೆ, ಎಂಜಿನ್ ಮಾತ್ರ ಅಲುಗಾಡುತ್ತೆ, ಆ ಜಗ್ಗಾಟವೆಲ್ಲ ಫ್ಲ್ಯಾಂಜಿನ ಮೇಲೆ. ಬೆಲ್ಟ್ ತೆಗೆದು ಎರಡು ಕೈಯಲ್ಲಿ ಪ್ರೈಮರಿ ಕ್ಲಚ್ (ಎಂಜಿನ್ ತುದಿಯಲ್ಲಿರೋ ಕ್ಲಚ್) ಹಿಡಿದು ಹಿಂದಕ್ಕೆ ಜಗ್ಗಿ, ಎಂಜಿನ್ ಕಣ್ಣಿಗೆ ಕಾಣುವಷ್ಟು ಸರಿದರೆ ಮೌಂಟ್ ಮತ್ತು ಟಾರ್ಕ್ ಸ್ಟಾಪ್ (ಎಂಜಿನ್ ಸರಿಯದಂತೆ ತಡೆಯೋ ಆನಿಕೆ) ಎರಡನ್ನೂ ನೋಡಬೇಕು. ಸ್ಪ್ರಿಂಗ್ ಒಂದು ಬಿದ್ದುಹೋಗಿದ್ದರೂ, ಬಿಚ್ಚಿಟ್ಟಾಗಲೂ ಸುರುಳಿಗಳ ನಡುವೆ ಸಂದು ಬಿಟ್ಟಿದ್ದರೂ ಪೈಪ್ ಜೋತು ಬಿದ್ದು ಇದೇ ಗತಿ.

ಆಮೇಲೆ ವೈ-ಪೈಪಿನ ಮುಖ. ನೇರಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯೋ ತೆಳು ಬ್ಲೇಡುಗಳ ಕಟ್ಟು) ತೂರಿಸಿ. 0.1 ಮಿ.ಮೀ. ಬ್ಲೇಡ್ ಒಳಗೆ ಹೋಯಿತು ಅಂದರೆ ಸಮ ಮಾಡದೆ ಯಾವ ಗ್ಯಾಸ್ಕೆಟ್ ಹಾಕಿಯೂ ಪ್ರಯೋಜನವಿಲ್ಲ. ಎರಡೂ ಫ್ಲ್ಯಾಂಜಿಗೆ ಒಟ್ಟಿಗೆ ಅಡ್ಡಲಾಗಿ ಪಟ್ಟಿ ಇಡಿ. ಒಂದೊಂದನ್ನೇ ಅಳೆದರೆ ಚೆನ್ನಾಗಿದೆ ಅನ್ನಿಸಿ, ಒಂದು ಕಾಲು ತಿರುಚಿರೋದು ಗೊತ್ತೇ ಆಗೋದಿಲ್ಲ.

ಡುಲುತ್_ಕನ್ನಡಿಗ:
ಅಳೆದೆ ಸರ್. ಎರಡೂ ಫ್ಲ್ಯಾಂಜಿಗೆ ಅಡ್ಡ ಇಟ್ಟಾಗ ಕ್ಲಚ್ ಕಡೆ ಹೊರ ಅಂಚಿನಲ್ಲಿ 0.25 ಬ್ಲೇಡ್ ಆರಾಮಾಗಿ ಹೋಗುತ್ತೆ. ಮುಂದಿನ ಒಂದು ಮೌಂಟಿನ ರಬ್ಬರ್ ಲೋಹದಿಂದ ಬಿಟ್ಟುಕೊಂಡಿದೆ. ಸ್ಪ್ರಿಂಗ್‌ಗಳು ಸರಿ ಇವೆ. ಸಿಲಿಂಡರ್ ಮುಖ ಸಮ ಇದೆ. ವೈ-ಪೈಪ್ ಹೊಸದೇ ಬೇಕಾ?

ಟಾರ್ಕ್_ರೆಂಚ್:
ಬಿರುಕಿಲ್ಲದಿದ್ದರೆ ಬೇಡ. ದಪ್ಪ ಗಾಜಿನ ಮೇಲೆ 120ರ ಎಮರಿ ಕಾಗದ ಅಂಟಿಸಿ, ಎರಡೂ ಫ್ಲ್ಯಾಂಜ್ ಒಟ್ಟಿಗೆ ಕೂರುವ ಹಾಗೆ ವೈ-ಪೈಪನ್ನು ಎಂಟರ ಆಕಾರದಲ್ಲಿ ಉಜ್ಜಿ. ಮೊದಲು ಮುಖಕ್ಕೆಲ್ಲ ಮಾರ್ಕರ್ ಬಳಿದಿದ್ದರೆ ಎಲ್ಲಿ ತಗ್ಗಿದೆ ಅಂತ ಕಾಣುತ್ತೆ, ಬಣ್ಣ ಪೂರ್ತಿ ಹೋದಾಗ ನಿಲ್ಲಿಸಿ. 0.25 ಅಂದರೆ ಕೈಯಲ್ಲಿ ಹೊತ್ತು ಹಿಡಿಯುತ್ತೆ, ಮಷಿನ್ ಶಾಪಿನಲ್ಲಿ ಬೇಗ. ಮೌಂಟ್ ಹಾಕಿದ ಮೇಲೆ ಕ್ಲಚ್ ಅಲೈನ್‌ಮೆಂಟ್ (ಎರಡೂ ಕ್ಲಚ್ ಒಂದೇ ಸಾಲಿನಲ್ಲಿದೆಯಾ ಅಂತ) ಮತ್ತೆ ನೋಡಲೇಬೇಕು, ಇಲ್ಲದಿದ್ದರೆ ಬೆಲ್ಟ್ ತಿನ್ನುತ್ತೆ.

ಪಿಸ್ಟನ್_ಪೋರ್ಟ್:
ಹಾಗಾದರೆ ಗ್ರಾಫೈಟ್ ಬಗೆಯದ್ದೇ ತನ್ನಿ: ಚಪ್ಪಟೆ ಎರಡು, ನಿಮ್ಮ ಚಿತ್ರದಲ್ಲಿ ಉಂಗುರ ಇದ್ದರೆ ಅದೂ ಒಂದು. ಒಂದು ಕಡೆ ಮಾತ್ರ ಹೋಗಿದ್ದರೂ ಎರಡನ್ನೂ ಬದಲಿಸಿ, ಒಮ್ಮೆ ಅದುಮಿದ ಗ್ರಾಫೈಟ್ ಮತ್ತೆ ಉಬ್ಬೋದಿಲ್ಲ. ದಪ್ಪ ವ್ಯತ್ಯಾಸವಾದರೆ ವೈ-ಪೈಪ್ ಓರೆ ಕೂರುತ್ತೆ.

ಸಿಲಿಂಡರ್ ಮುಖ ಕೆರೆಯುವಾಗ ಎಚ್ಚರ. ಅದು ಅಲ್ಯೂಮಿನಿಯಂ, ಉಕ್ಕಿನ ಬ್ಲೇಡ್ ತಾಗಿಸಬೇಡಿ, ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಸ್ಕ್ರೇಪರ್ ಸಾಕು. ಒಂದು ಪಿಸ್ಟನ್ ಮೇಲೆ ಬಂದು ಪೋರ್ಟ್ ಮುಚ್ಚಿದಾಗ ಇನ್ನೊಂದು ಕೆಳಗಿದ್ದು ಪೋರ್ಟ್ ಪೂರ್ತಿ ತೆರೆದಿರುತ್ತೆ. ಆದ್ದರಿಂದ ಎರಡಕ್ಕೂ ಬಟ್ಟೆ ತುರುಕಿ, ಕೆಲಸ ಮುಗಿದ ಮೇಲೆ ಎಣಿಸಿ ತೆಗೆಯಿರಿ. ಗಟ್ಟಿ ಕಿಟ್ಟದ ಒಂದು ಚೂರು ಒಳಗೆ ಬಿದ್ದರೆ ರಿಂಗ್‌ಗೆ ಸಿಕ್ಕಿ ಸಿಲಿಂಡರ್ ಗೀರುತ್ತೆ.

ಬೋಲ್ಟ್ ಎಲ್ಲವನ್ನೂ ಬೆರಳಲ್ಲಿ ಹಿಡಿಸಿ, ಟ್ಯೂನ್ಡ್ ಪೈಪ್ ಕೂರಿಸಿ ಸ್ಪ್ರಿಂಗ್ ಹಾಕಿದ ಮೇಲೆ ಬಿಗಿ ಮಾಡಿ. ಮೊದಲೇ ಬಿಗಿದರೆ ಪೈಪ್ ಓರೆಯಾಗಿ ಎಳೆಯುತ್ತೆ. ಎಂ8 ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್-ಮೀಟರ್, ನಿಮ್ಮ ಸರ್ವಿಸ್ ಮ್ಯಾನ್ಯುಯಲ್ಲಿನ ಸಂಖ್ಯೆಯೇ ಅಂತಿಮ. ಮೊದಲು ಅರ್ಧ, ಆಮೇಲೆ ಪೂರ್ತಿ, ಒಂದು ಸಿಲಿಂಡರ್ ಬಿಟ್ಟು ಇನ್ನೊಂದಕ್ಕೆ ಹಾರುತ್ತಾ.

ಹಿಮಗಾಡಿ_ಒಂಟಾರಿಯೊ:
ಮ್ಯಾನ್ಯುಯಲ್ ಬೋಲ್ಟಿನ ಒಣ ಎಳೆಗೆ ಟಾರ್ಕ್ (ಬಿಗಿಯೋ ಬಲ) ಹೇಳಿದ್ದರೆ, ಆ್ಯಂಟಿ-ಸೀಜ್ (ಬೋಲ್ಟ್ ಕಚ್ಚಿಕೊಳ್ಳದಂತೆ ಹಚ್ಚೋ ಪೇಸ್ಟ್) ಹಚ್ಚಿದಾಗ ಸುಮಾರು 20 ಪರ್ಸೆಂಟ್ ಇಳಿಸಿ. ಅಷ್ಟೇ ಬಲ ಕೊಟ್ಟರೆ ಅಲ್ಯೂಮಿನಿಯಂ ಎಳೆ ಕಿತ್ತು ಬರುತ್ತೆ.

ಬಾನೆಟ್ ಮುಚ್ಚೋ ಮೊದಲು ಪರೀಕ್ಷೆ ಮಾಡಿ. ಎಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ತುದಿಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಸಂದುಗಳಿಗೆಲ್ಲ ಸೋಪು ನೀರು ಸಿಂಪಡಿಸಿ. ಸ್ಪ್ರಿಂಗ್ ಕೀಲಿನಲ್ಲಿ ಒಂದೆರಡು ಗುಳ್ಳೆ ಬಂದರೆ ಚಿಂತೆಯಿಲ್ಲ, ಫ್ಲ್ಯಾಂಜಿನಲ್ಲಿ ಒಂದೂ ಬರಕೂಡದು. ಸ್ಟಾರ್ಟ್ ಮಾಡಿ ನೋಡೋದಾದರೆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತನ್ನಿ. ಬಾಗಿಲು ತೆರೆದಿದ್ದರೂ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬಿಕೊಳ್ಳುತ್ತೆ, ವಾಸನೆಯೂ ಇಲ್ಲ. ಮೊದಲ ಓಟ ಮುಗಿದು ಪೂರ್ತಿ ತಣ್ಣಗಾದ ಮೇಲೆ ಟಾರ್ಕ್ ಇನ್ನೊಮ್ಮೆ ನೋಡಿ, ಗ್ರಾಫೈಟ್ ಕೂತಿರುತ್ತೆ, ಬೋಲ್ಟ್ ಸ್ವಲ್ಪ ತಿರುಗುತ್ತೆ.