ಚಿಂಚಿಲ್ಲಾ ಮರಿಯನ್ನು ಬ್ರೀಡರ್ ಬಳಿ ಕೊಳ್ಳಬೇಕೇ, ಪೆಟ್ ಶಾಪ್‌ನಲ್ಲಿ ಕೊಳ್ಳಬೇಕೇ? ಬೆಲೆಯಲ್ಲಿ ಇಷ್ಟು ಅಂತರವೇಕೆ?

ತುಂಗಾತೀರ, ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ಪೇಟೆಯಿಂದ ಆರು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಪಿಯುಸಿ ಓದುತ್ತಿರುವ ಮಗಳು ಎರಡು ವರ್ಷದಿಂದ ಚಿಂಚಿಲ್ಲಾ (ಇಲಿ, ಅಳಿಲುಗಳ ವರ್ಗಕ್ಕೆ ಸೇರಿದ, ದಟ್ಟ ತುಪ್ಪಳದ ಪುಟ್ಟ ಪ್ರಾಣಿ) ಸಾಕಬೇಕೆಂದು ಕೇಳುತ್ತಿದ್ದಾಳೆ. ಮೊದಮೊದಲು ಮಕ್ಕಳ ಹಟವೆಂದು ಸುಮ್ಮನಿದ್ದೆವು. ಆದರೆ ಅವಳು ಆ ಪ್ರಾಣಿಯ ಆಹಾರ, ಗೂಡು, ಕಾಯಿಲೆಗಳ ಬಗ್ಗೆ ಒಂದು ನೋಟುಪುಸ್ತಕ ತುಂಬ ಬರೆದಿಟ್ಟಿರುವುದನ್ನು ನೋಡಿದ ಮೇಲೆ ವಿಚಾರಿಸಿಯಾದರೂ ನೋಡೋಣ ಎನ್ನಿಸಿತು.

ಬೆಂಗಳೂರಿನ ಒಂದು ಪೆಟ್ ಶಾಪ್‌ನವರು ಬೂದು ಬಣ್ಣದ ಒಂದು ಮರಿಗೆ 65,000 ರೂಪಾಯಿ ಹೇಳಿದರು. ಜೋಡಿಯಾಗಿ ಕೊಂಡರೆ 1,20,000ಕ್ಕೆ ಕೊಡುತ್ತೇವೆ ಎಂದರು. ಮನೆಯಲ್ಲೇ ಸಾಕಿ ಮರಿ ಮಾಡಿಸುವ ಇನ್ನೊಬ್ಬರು, ಅಂದರೆ ಬ್ರೀಡರ್, ಅದೇ ಬಣ್ಣದ ಮರಿಗೆ 45,000 ಎಂದರು, ಆದರೆ ಮರಿಗೆ ಮೂರು ತಿಂಗಳು ತುಂಬುವವರೆಗೆ ಕೊಡುವುದಿಲ್ಲ, ಬಂದು ನೋಡಿಕೊಂಡು ಹೋಗಿ ಎಂದರು. ಅಂಗಡಿಯವರು ನಾಳೆಯೇ ಬಸ್ಸಿಗೆ ಹಾಕಿ ಕಳಿಸುತ್ತೇವೆ ಎನ್ನುತ್ತಿದ್ದಾರೆ. ಒಂದೇ ಪ್ರಾಣಿಗೆ 20,000 ರೂಪಾಯಿಯಷ್ಟು ಅಂತರವೇಕೆ, ಮತ್ತು ಕಡಿಮೆ ಬೆಲೆಯವರನ್ನು ನಂಬಬಹುದೇ ಎಂಬುದು ನನ್ನ ಪ್ರಶ್ನೆ. ಅದು ಬೆಟ್ಟದ ಪ್ರಾಣಿಯಾದ್ದರಿಂದ ನಮ್ಮ ಮಲೆನಾಡಿನ ತಂಪು ಅದಕ್ಕೆ ಹಿಡಿಸುತ್ತದೆ ಎಂದುಕೊಂಡಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಸಾಗರದವಳು:

ನಾನು ಒಂಬತ್ತು ವರ್ಷ ಅಮೆರಿಕದ ಕೊಲೊರಾಡೊದಲ್ಲಿದ್ದಾಗ ಎರಡು ಚಿಂಚಿಲ್ಲಾಗಳನ್ನು ಸಾಕಿದ್ದೆ. ಒಂದನ್ನು ಅಂಗಡಿಯಿಂದ ತಂದಿದ್ದೆ, ಇನ್ನೊಂದನ್ನು ಬ್ರೀಡರ್ ಬಳಿ ಕೊಂಡಿದ್ದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಕೈ ಸುಟ್ಟುಕೊಂಡ ಅನುಭವದಿಂದಲೇ ಉತ್ತರಿಸಬಲ್ಲೆ.

ಅಲ್ಲಿ ಬೆಲೆಯ ಅಂತರ ಇಷ್ಟು ದೊಡ್ಡದಾಗಿರಲಿಲ್ಲ. ಸಾಮಾನ್ಯ ಬೂದು ಬಣ್ಣದ ಮರಿಯನ್ನು ಅಂಗಡಿಯಲ್ಲಿ 180 ಡಾಲರಿಗೆ ತಂದೆ. ಮರುವರ್ಷ ಬ್ರೀಡರ್ ಬಳಿ 200 ಡಾಲರಿಗೆ ಇನ್ನೊಂದನ್ನು ತಂದೆ. ಬಿಳಿ, ಕಪ್ಪು, ನೇರಳೆ ಛಾಯೆಯ ಮರಿಗಳಿಗೆ ಬೆಲೆ ಏರುತ್ತಾ ಹೋಗುತ್ತದೆ. ಇಪ್ಪತ್ತು ಡಾಲರ್ ಉಳಿಯಿತೆಂದು ಸಂತೋಷಪಟ್ಟ ಆ ಅಂಗಡಿಯ ಮರಿ ಎರಡನೆಯ ವರ್ಷದಲ್ಲಿ ಹುಲ್ಲು ತಿನ್ನುವುದನ್ನು ಕಡಿಮೆ ಮಾಡಿತು. ಒಂದು ಬೆಳಗ್ಗೆ ನೋಡಿದರೆ ಗಲ್ಲದ ಕೆಳಗಿನ ತುಪ್ಪಳ ಒದ್ದೆಯಾಗಿ, ಗಂಟುಗಂಟಾಗಿ ಅಂಟಿಕೊಂಡಿತ್ತು. ಮುಂಗಾಲುಗಳಲ್ಲಿ ಬಾಯಿಯನ್ನು ಉಜ್ಜಿಕೊಳ್ಳುತ್ತಿತ್ತು. ಚಿಂಚಿಲ್ಲಾದ ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ. ಮೇಲಿನ ಮತ್ತು ಕೆಳಗಿನ ದವಡೆಯ ಹಲ್ಲುಗಳು ಸರಿಯಾಗಿ ಕೂಡದಿದ್ದರೆ ಸವೆಯುವುದಿಲ್ಲ, ಬೆಳೆದು ನಾಲಗೆ ಕೆನ್ನೆಗಳಿಗೆ ಚುಚ್ಚುತ್ತವೆ. ಆಮೇಲೆ ಎರಡು ತಿಂಗಳಿಗೊಮ್ಮೆ ಅರಿವಳಿಕೆ ಕೊಟ್ಟು ಹಲ್ಲು ಸವೆಸಬೇಕಾಯಿತು. ಒಂದೂವರೆ ವರ್ಷ ಹಾಗೆ ನಡೆಸಿದೆವು; ಕೊನೆಗೆ ಅದು ಉಳಿಯಲಿಲ್ಲ. ಹಲ್ಲಿನ ಈ ದೋಷ ಎಷ್ಟೋ ಸಲ ತಂದೆತಾಯಿಯಿಂದ ಬರುತ್ತದೆ. ಅಂಗಡಿಯವರನ್ನು ತಾಯಿ ಯಾವುದು ಎಂದು ಕೇಳಿದರೆ ಅವರಲ್ಲಿ ಉತ್ತರವೇ ಇರಲಿಲ್ಲ, ಏಕೆಂದರೆ ಮರಿ ಅವರ ಕೈಗೆ ಬಂದದ್ದು ಸಗಟು ವ್ಯಾಪಾರಿಯಿಂದ.

ಬ್ರೀಡರ್ ಮನೆಯಲ್ಲಿ ಕಂಡದ್ದೇ ಬೇರೆ. ಆಕೆ ಪ್ರತಿ ಮರಿಗೂ ಒಂದು ಹಾಳೆ ಇಟ್ಟಿದ್ದರು: ಹುಟ್ಟಿದ ದಿನ, ತಂದೆ ತಾಯಿ ಅಜ್ಜ ಅಜ್ಜಿ, ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿದ ತೂಕ. ನಾನು ಮರಿಯನ್ನು ಎತ್ತಿಕೊಳ್ಳುವ ಮೊದಲೇ ಅದರ ತುಟಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಮುಂಹಲ್ಲನ್ನು ತೋರಿಸಿದರು. ಹಲ್ಲು ಕಿತ್ತಳೆ ಬಣ್ಣಕ್ಕಿತ್ತು. ಅದೇ ಆರೋಗ್ಯದ ಗುರುತು, ಬಿಳಿ ಹಲ್ಲು ಕಂಡರೆ ಯೋಚಿಸಬೇಕು ಎಂದು ಹೇಳಿಕೊಟ್ಟವರು ಅವರೇ. ಎರಡು ಬಿಳಿ ಬಣ್ಣದ ಚಿಂಚಿಲ್ಲಾಗಳನ್ನು ಒಂದಕ್ಕೊಂದು ಕೂಡಿಸಬಾರದು, ಬಿಳಿಯ ಗುಣವನ್ನು ಎರಡೂ ಕಡೆಯಿಂದ ಪಡೆದ ಭ್ರೂಣ ಬದುಕುವುದಿಲ್ಲ ಎಂಬುದನ್ನೂ ಅಲ್ಲಿಯೇ ತಿಳಿದೆ. ಜೋಡಿ ಮಾಡುವುದಕ್ಕೆ ಇಂತಹ ತಿಳಿವಳಿಕೆ ಬೇಕು, ಮತ್ತು ಬ್ರೀಡರ್‌ಗೆ ಕೊಡುವ ಹಣ ಈ ತಿಳಿವಳಿಕೆಗೆ ಸಲ್ಲುತ್ತದೆ.

ನಿಮ್ಮಲ್ಲಿ ಬ್ರೀಡರ್ ಹೇಳಿದ ಬೆಲೆ ಕಡಿಮೆಯಿದೆ ಎಂದು ಅನುಮಾನಪಡಬೇಡಿ. ಮರಿ ದೊಡ್ಡದಾಗುವವರೆಗೆ ಕೊಡುವುದಿಲ್ಲ, ಬಂದು ನೋಡಿ ಎನ್ನುವ ಮಾತೇ ನನಗೆ ಹಿಡಿಸಿತು. ಬಸ್ಸಿಗೆ ಹಾಕಿ ಕಳಿಸುತ್ತೇವೆ ಎನ್ನುವವರ ಮಾತು ಕೇಳಿ ಮಾತ್ರ ನಿಜಕ್ಕೂ ಸಂಕಟವಾಯಿತು. ಬಸ್ಸಿನ ಡಿಕ್ಕಿಯ ಸೆಕೆಯಲ್ಲಿ ಒಂದು ರಾತ್ರಿ ಕಳೆದರೆ ಆ ಜೀವ ತೀರ್ಥಹಳ್ಳಿಗೆ ಬದುಕಿ ಬರುವುದು ಅನುಮಾನ.

ಶಿವಮೊಗ್ಗದ ಅಂಗಡಿಯವ:

ಶಿವಮೊಗ್ಗದಲ್ಲಿ ಮೀನು ಮತ್ತು ಪಕ್ಷಿಗಳ ಅಂಗಡಿ ನಡೆಸುತ್ತಿದ್ದೇನೆ. ಚಿಂಚಿಲ್ಲಾ ಮಾರುವುದಿಲ್ಲ, ಮಾರುವ ಯೋಚನೆಯೂ ಇಲ್ಲ. ಆದರೂ ಅಂಗಡಿಯ ಬೆಲೆ ಹೇಗೆ ಏರುತ್ತದೆ ಎಂಬುದನ್ನು ಹೇಳಿದರೆ ತಮಗೆ ಉಪಯೋಗವಾಗಬಹುದು.

ಮೊಲವನ್ನೇ ತೆಗೆದುಕೊಳ್ಳಿ. ಅದು ಒಂದು ತಿಂಗಳಿಗೆ ಈಯುತ್ತದೆ, ಒಮ್ಮೆಗೆ ಆರೇಳು ಮರಿ ಹಾಕುತ್ತದೆ. ಚಿಂಚಿಲ್ಲಾ ಗರ್ಭ ಹೊರುವುದು ಸುಮಾರು 111 ದಿನ, ಮರಿ ಹಾಕುವುದು ಒಂದೋ ಎರಡೋ. ವರ್ಷಕ್ಕೆ ಎರಡು ಸೂಲು ಎಂದು ಲೆಕ್ಕ ಹಾಕಿದರೂ ಒಂದು ತಾಯಿಯಿಂದ ಸಿಗುವುದು ನಾಲ್ಕು ಮರಿ. ಹಾಗಾಗಿ ಮೂಲದಲ್ಲೇ ಬೆಲೆ ಹೆಚ್ಚು. ಸಾಕಿದವರಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಅಂಗಡಿಗೆ ಬರುವಷ್ಟರಲ್ಲಿ ಎರಡು ಕೈ ದಾಟಿರುತ್ತದೆ. ಪ್ರತಿ ಕೈಯೂ ತನ್ನ ಲಾಭ ಇಟ್ಟುಕೊಳ್ಳುತ್ತದೆ. ಅಂಗಡಿಯ ಬಾಡಿಗೆ, ಎಸಿಯ ಕರೆಂಟು, ಮಾರಾಟವಾಗದೆ ಉಳಿದ ತಿಂಗಳುಗಳ ಮೇವು ಇವೆಲ್ಲ ಸೇರುತ್ತವೆ. ಹೇಳಲು ಬೇಸರವಾಗುತ್ತದೆ, ಆದರೆ ದಾರಿಯಲ್ಲಿ ಸತ್ತ ಮರಿಯ ನಷ್ಟವೂ ಬದುಕಿ ಬಂದ ಮರಿಯ ಬೆಲೆಯ ಮೇಲೆಯೇ ಬೀಳುತ್ತದೆ. ತಮ್ಮ 20,000 ರೂಪಾಯಿಯ ಅಂತರ ಇಲ್ಲಿಂದ ಬಂದದ್ದು.

ಜೋಡಿಯ ರಿಯಾಯಿತಿಗೆ ಮರುಳಾಗಬೇಡಿ. ಎಳೆಯ ಚಿಂಚಿಲ್ಲಾದಲ್ಲಿ ಗಂಡು ಹೆಣ್ಣನ್ನು ಗುರುತಿಸುವುದು ಪಳಗಿದ ಕಣ್ಣಿಗೂ ಕೆಲವೊಮ್ಮೆ ತಪ್ಪುತ್ತದೆ. ಎರಡೂ ಹೆಣ್ಣು ಎಂದು ಕೊಂಡು ನಾಲ್ಕು ತಿಂಗಳ ನಂತರ ಗೂಡಿನಲ್ಲಿ ಮರಿ ಕಂಡವರಿದ್ದಾರೆ. ಹೆರಿಗೆಯಾದ ಒಂದೆರಡು ದಿನದಲ್ಲೇ ತಾಯಿ ಮತ್ತೆ ಗಬ್ಬ ಕಟ್ಟಬಲ್ಲುದಾದ್ದರಿಂದ, ಗಂಡನ್ನು ಕೂಡಲೇ ಬೇರೆ ಮಾಡದಿದ್ದರೆ ತಾಯಿ ಸೊರಗಿಹೋಗುತ್ತದೆ.

ಇನ್ನು ಕಾಗದಪತ್ರದ ವಿಷಯ. ಕಾಡಿನ ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ್ದು. ತುಪ್ಪಳಕ್ಕಾಗಿ ಬೇಟೆಯಾಡಿ ಅಲ್ಲಿ ಅಳಿವಿನ ಅಂಚಿಗೆ ಬಂದಿದೆ, ಸೈಟಿಸ್ (CITES) ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ಅದರ ವ್ಯಾಪಾರಕ್ಕೆ ನಿಷೇಧವಿದೆ. ಸಾಕುತಳಿಗೆ ಆ ಒಪ್ಪಂದದಲ್ಲಿ ವಿನಾಯಿತಿಯಿದೆ. ಆದ್ದರಿಂದಲೇ ತಮ್ಮ ಮರಿ ಸಾಕುತಳಿಯದ್ದು, ಇಂಥ ದಿನ ಇಂಥ ಕಡೆ ಹುಟ್ಟಿದ್ದು ಎಂಬ ಲಿಖಿತ ದಾಖಲೆ ಮತ್ತು ರಸೀದಿ ಕೈಯಲ್ಲಿರಲೇಬೇಕು. ಪೆಟ್ ಶಾಪ್ ಆದರೆ 2018ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರವನ್ನು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ವಿದೇಶಿ ಪ್ರಾಣಿಗಳ ನೋಂದಣಿಗೆ 2024ರಲ್ಲಿ ಪ್ರತ್ಯೇಕ ನಿಯಮ ಬಂದಿರುವುದರಿಂದ, ಹಣ ಕೊಡುವ ಮೊದಲೇ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ರಸೀದಿ ಕೊಡಲು ಹಿಂದೇಟು ಹಾಕುವವರು ಬ್ರೀಡರ್ ಆಗಲಿ ಅಂಗಡಿಯವರಾಗಲಿ, ಅಲ್ಲಿಂದ ಎದ್ದು ಬನ್ನಿ.

ಪಶುವೈದ್ಯ, ಹೊಸನಗರ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ತಾವು ಪ್ರಶ್ನೆಯ ಕೊನೆಯಲ್ಲಿ ಬರೆದ ಒಂದು ವಾಕ್ಯವನ್ನು ಇಬ್ಬರೂ ಹಾಗೆಯೇ ಬಿಟ್ಟಿದ್ದಾರೆ. ಬೆಟ್ಟದ ಪ್ರಾಣಿಗೆ ಮಲೆನಾಡು ಹಿಡಿಸುತ್ತದೆ ಎಂಬ ಎಣಿಕೆ ಸರಿಯಲ್ಲ, ಮತ್ತು ಈ ತಪ್ಪು ಎಣಿಕೆಗೆ ತೆರಬೇಕಾದ ಬೆಲೆ ಅಂಗಡಿ ಮತ್ತು ಬ್ರೀಡರ್ ನಡುವಿನ ಅಂತರಕ್ಕಿಂತ ಬಹಳ ದೊಡ್ಡದು.

ಚಿಂಚಿಲ್ಲಾದ ಬೆಟ್ಟ ಒಣ ಬೆಟ್ಟ. ಅಲ್ಲಿ ಚಳಿಯಿದೆ, ಕಲ್ಲಿದೆ, ಕುರುಚಲಿದೆ, ಮಳೆ ಅಪರೂಪ. ನಮ್ಮದು ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯ ಸೀಮೆ. ಆ ಪ್ರಾಣಿಯ ಮೈಯಲ್ಲಿ ಒಂದೊಂದು ಕೂದಲಿನ ಬುಡದಿಂದ ಐವತ್ತು ಅರವತ್ತು ಎಳೆಗಳು ಹೊರಡುತ್ತವೆ, ಅದು ಬೆವರುವುದಿಲ್ಲ. ಒದ್ದೆಯಾದರೆ ಆ ತುಪ್ಪಳ ಬೇಗ ಒಣಗುವುದಿಲ್ಲ, ಬುಡದಲ್ಲಿ ಶಿಲೀಂಧ್ರ ಹಿಡಿಯುತ್ತದೆ. ಅದಕ್ಕೆಂದೇ ಅದು ನೀರಿನಲ್ಲಿ ಮೀಯದೆ ನುಣುಪಾದ ಜ್ವಾಲಾಮುಖಿಯ ಧೂಳಿನಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ಳುತ್ತದೆ.

ಇದನ್ನು ಸಾಕುವವರಲ್ಲಿ ಒಂದು ಲೆಕ್ಕ ರೂಢಿಯಲ್ಲಿದೆ. ಕೋಣೆಯ ಉಷ್ಣತೆಯನ್ನು ಫ್ಯಾರನ್‌ಹೀಟ್‌ನಲ್ಲಿ ತೆಗೆದುಕೊಂಡು, ಅದಕ್ಕೆ ಗಾಳಿಯ ತೇವಾಂಶದ ಶೇಕಡಾವಾರು ಸಂಖ್ಯೆಯನ್ನು ಕೂಡಿಸಿದಾಗ ಮೊತ್ತ 150 ದಾಟಿದರೆ ಅಪಾಯ. ಜುಲೈ ತಿಂಗಳಲ್ಲಿ ನಮ್ಮ ಕಡೆ 23 ಡಿಗ್ರಿ ಸೆಲ್ಸಿಯಸ್ ಇದ್ದಾಗ ನಮಗೆ ಕಂಬಳಿ ಬೇಕೆನ್ನಿಸುತ್ತದೆ. ಅದನ್ನು ಫ್ಯಾರನ್‌ಹೀಟ್‌ಗೆ ತಂದರೆ 73. ತೇವಾಂಶ 90 ಇದ್ದರೆ ಮೊತ್ತ 163. ಅಂದರೆ ಹೊರಗೆ ಜಡಿಮಳೆ ಹಿಡಿದು ನಾವು ಒಲೆಯ ಮುಂದೆ ಕೂತಿರುವಾಗಲೂ ಆ ಪ್ರಾಣಿ ತೊಂದರೆಯಲ್ಲಿರುತ್ತದೆ. ಏಪ್ರಿಲ್, ಮೇ ತಿಂಗಳ ಮಾತನ್ನು ಹೇಳುವುದೇ ಬೇಡ. 27 ಡಿಗ್ರಿ ದಾಟಿತೆಂದರೆ ಶಾಖಾಘಾತದ ಭಯ ಶುರುವಾಗುತ್ತದೆ. ಕಿವಿ ಕೆಂಪಾಗುತ್ತದೆ, ಪ್ರಾಣಿ ಅಡ್ಡ ಬೀಳುತ್ತದೆ, ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಹಾಗಾಗಿ ವರ್ಷದ ಬಹುಪಾಲು ಎಸಿ ಓಡಬೇಕು. ಒಂದು ಟನ್ನಿನ ಇನ್ವರ್ಟರ್ ಎಸಿ ಹಗಲೂ ರಾತ್ರಿ ಓಡಿದರೆ ದಿನಕ್ಕೆ ಹತ್ತು ಯೂನಿಟ್ ಎಂದಿಟ್ಟುಕೊಂಡರೂ ತಿಂಗಳಿಗೆ 300 ಯೂನಿಟ್ ಆಯಿತು. ಗೃಹಜ್ಯೋತಿಯ ಮಿತಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ತಾವೇ ಕಟ್ಟಬೇಕು. ಇದುವರೆಗೆ ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ತಿಂಗಳಿಗೆ 2,000 ರೂಪಾಯಿಗೂ ಮೀರಿ ಹೊರೆ ಬೀಳುತ್ತದೆ. ಅಂಗಡಿ ಬಿಟ್ಟು ಬ್ರೀಡರ್ ಬಳಿ ಕೊಂಡು ಉಳಿಸಿದ 20,000 ರೂಪಾಯಿ ಹತ್ತು ತಿಂಗಳಿಗೆ ಕರಗಿತು. ಚಿಂಚಿಲ್ಲಾ ಬದುಕುವುದು ಹತ್ತರಿಂದ ಇಪ್ಪತ್ತು ವರ್ಷ. ತಮ್ಮದು ಹಂಚಿನ ಮಾಡಿನ ಮನೆಯಾಗಿದ್ದರೆ ಸಂದಿಗಳಲ್ಲಿ ತಂಪು ನಿಲ್ಲುವುದಿಲ್ಲ; ಒಂದು ಕೋಣೆಗಾದರೂ ಸೀಲಿಂಗ್ ಮಾಡಿಸಬೇಕು. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋದಾಗ ಮನೆಯ ಯುಪಿಎಸ್ ಎಸಿಯನ್ನು ಎಳೆಯುವುದಿಲ್ಲ, ಜನರೇಟರ್ ಬೇಕು. ಗೂಡಿನಲ್ಲಿ ಕಡಪ ಕಲ್ಲಿನ ತುಂಡು ಇಡುವುದು, ಮಂಜುಗಡ್ಡೆಯಾದ ನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಗೂಡಿನ ಪಕ್ಕಕ್ಕೆ ಇಡುವುದು ಇವೆಲ್ಲ ಒಂದೆರಡು ಗಂಟೆಯ ಆಸರೆ ಮಾತ್ರ.

ಮೇವಿನದೂ ಸಮಸ್ಯೆಯೇ. ಅದಕ್ಕೆ ಬೇಕಾದ ಟಿಮೊಥಿ ಹುಲ್ಲು ನಮ್ಮಲ್ಲಿ ಬೆಳೆಯುವುದಿಲ್ಲ, ತರಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದ ಮೇಲಿನ ಬೈಹುಲ್ಲಿಗೇ ಬೂಷ್ಟು ಬರುವ ಊರಿನಲ್ಲಿ ಆ ಹುಲ್ಲನ್ನು ಗಾಳಿಯಾಡದ ಡಬ್ಬಿಯಲ್ಲಿ ಕಾಪಾಡಬೇಕು. ಬೂಷ್ಟು ಹಿಡಿದ ಒಂದು ಹಿಡಿ ಹುಲ್ಲು ಹೊಟ್ಟೆ ಕೆಡಿಸಲು ಸಾಕು. ಕಾಯಿಲೆಯಾದರೆ ನನ್ನಂತಹ ತಾಲ್ಲೂಕು ವೈದ್ಯನ ಕೈ ಪಳಗಿರುವುದು ದನ, ಎಮ್ಮೆ, ನಾಯಿಗಳ ಮೇಲೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ, ಇಂತಹ ಪ್ರಾಣಿಯ ಹಲ್ಲಿನ ಚಿಕಿತ್ಸೆ ಸಾಧ್ಯವೇ ಎಂದು ಮರಿ ತರುವ ಮೊದಲೇ ಕೇಳಿ ಬನ್ನಿ.

ಮಗಳ ಆಸಕ್ತಿಯನ್ನು ತಣ್ಣಗೆ ಮಾಡಲು ಇದನ್ನು ಬರೆಯಲಿಲ್ಲ. ನೋಟುಪುಸ್ತಕ ತುಂಬ ಬರೆದಿಟ್ಟ ಹುಡುಗಿಗೆ ಈ ಲೆಕ್ಕವನ್ನೂ ಬರೆಯುವ ಶಕ್ತಿಯಿರುತ್ತದೆ. ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗೂಡು ಇಡಬೇಕೆಂದಿರುವ ಕೋಣೆಯಲ್ಲಿ ಅದನ್ನಿಟ್ಟು ಒಂದು ಮಳೆಗಾಲ, ಒಂದು ಬೇಸಿಗೆ ದಿನಕ್ಕೆರಡು ಬಾರಿ ಬರೆದುಕೊಳ್ಳಲಿ.

ಸಾಗರದವಳು:

ವೈದ್ಯರು ಹೇಳಿದ್ದನ್ನು ನಾನು ಮೊದಲೇ ಬರೆಯಬೇಕಿತ್ತು. ಕೊಲೊರಾಡೊದ ಒಣ ಹವೆಯಲ್ಲಿ ತೇವಾಂಶದ ಚಿಂತೆಯೇ ಇರಲಿಲ್ಲವಾದ್ದರಿಂದ ನನ್ನ ಲೆಕ್ಕದಲ್ಲಿ ಅದು ಬರಲಿಲ್ಲ. ಊರಿಗೆ ಹಿಂತಿರುಗುವಾಗ ಎರಡನೆಯ ಚಿಂಚಿಲ್ಲಾವನ್ನು ಸಾಗರಕ್ಕೆ ತರಬೇಕೆಂಬ ಆಸೆ ಬಹಳವಿತ್ತು. ಕೊಟ್ಟ ಬ್ರೀಡರನ್ನೇ ಕೇಳಿದಾಗ, ಅಂತಹ ಊರಿಗೆ ಕರೆದೊಯ್ಯಬೇಡ, ನನಗೇ ವಾಪಸು ಕೊಡು ಎಂದರು. ಏಳು ವರ್ಷದ ಪ್ರಾಣಿಯನ್ನು ಅವರು ಮರಳಿ ತೆಗೆದುಕೊಂಡರು. ತಾವು ಮಾತನಾಡಿಸಿದ ಬ್ರೀಡರ್‌ಗೂ ಈ ಒಂದು ಪ್ರಶ್ನೆ ಹಾಕಿ ನೋಡಿ: ಸಾಕಲಾಗದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ?

ತುಂಗಾತೀರ, ತೀರ್ಥಹಳ್ಳಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಂಗಡಿಯವರಿಗೆ ಬೇಡವೆಂದು ಫೋನ್ ಮಾಡಿ ತಿಳಿಸಿದೆ. ಬ್ರೀಡರ್ ಬಳಿ ನಮ್ಮ ಊರು ತೀರ್ಥಹಳ್ಳಿ ಎಂದೊಡನೆ ಅವರೇ ಮೊದಲು ಎಸಿ ಇದೆಯೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಈ ಸೂಲಿನ ಮರಿಯನ್ನು ನಿಮಗೆ ಕೊಡುವುದಿಲ್ಲ, ಕೋಣೆ ಸಿದ್ಧವಾದ ಮೇಲೆ ಬನ್ನಿ, ಸಾಕಲಾಗದಿದ್ದರೆ ಹಿಂದಕ್ಕೂ ತೆಗೆದುಕೊಳ್ಳುತ್ತೇನೆ ಎಂದರು.

ಮಗಳು ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ತಾನೇ ಮಾಪಕ ತರಿಸಿಕೊಂಡು ತನ್ನ ಕೋಣೆಯ ಗೋಡೆಗೆ ನೇತು ಹಾಕಿ, ನೋಟುಪುಸ್ತಕದಲ್ಲಿ ಹೊಸ ಪುಟ ತೆರೆದಳು. ಇಂದು ಸಂಜೆ ನಾಲ್ಕು ಗಂಟೆಗೆ, ಮಳೆ ಹೊಳವಾದಾಗ, 27 ಡಿಗ್ರಿ ಮತ್ತು ಶೇಕಡಾ 84 ಎಂದು ಬರೆದು, ಫ್ಯಾರನ್‌ಹೀಟ್‌ಗೆ ತಿರುಗಿಸಿ ಕೂಡಿಸಿ, 165ರ ಕೆಳಗೆ ಕೆಂಪು ಗೆರೆ ಎಳೆದಿದ್ದಾಳೆ.